ವರ್ಷಕ್ಕೊಮ್ಮೆ ಸುಣ್ಣ

ನಮ್ಮ ಅಂಗಡಿಗೆ ಬಣ್ಣ ಕೊಳ್ಳಲು ಬರುವ ಹೆಚ್ಚಿನವರು ಕೇಳುವ ಮಾತು ಒಂದೇ. “ಹಳೇ ಮನೆ ರಿಪೇರಿ ಮಾಡಿಸ್ತಿದೀವಿ ಸಾರ್. ರೇಟೂ ಕಮ್ಮಿ ಇರ್ಬೇಕು, ಕ್ವಾಲಿಟೀನೂ ಚೆನ್ನಾಗಿರ್ಬೇಕು. ಯಾವ್ದು ಕೊಡ್ತೀರಿ?” ಶೇಡ್ ಕಾರ್ಡು ತೆಗೆಯುವ ಮೊದಲು ನಾನು ತಿರುಗಿ ಕೇಳುತ್ತೇನೆ: ಗೋಡೆ ಯಾವ ಕಾಲದ್ದು? ಒಳಗಿರುವುದು ಮಣ್ಣೋ, ಗಾರೆಯೋ, ಸಿಮೆಂಟೋ? ಇದುವರೆಗೆ ಅದರ ಮೇಲೆ ಏನೇನು ಬಳಿದಿದ್ದಾರೆ? ಬಹಳ ಜನ ಉತ್ತರ ಹೇಳಲಾರರು. ಬಣ್ಣ ಕೊಳ್ಳಲು ಬಂದರೆ ಇವನೇನು ಮನೆಯ ಜಾತಕ ಕೇಳುತ್ತಾನೆ ಎಂಬಂತೆ ಕೆಲವರು ನೋಡುತ್ತಾರೆ. ಆದರೂ ನಾನು ಕೇಳುವುದನ್ನು ಬಿಟ್ಟಿಲ್ಲ. ಹೊಸ ಬಣ್ಣ ನಿಲ್ಲುವುದೂ ಸಿಪ್ಪೆಯಾಗಿ ಏಳುವುದೂ ಡಬ್ಬದ ಬೆಲೆಗಿಂತ ಅದರ ಕೆಳಗಿನ ಪದರವನ್ನೇ ನೆಚ್ಚಿಕೊಂಡಿರುತ್ತದೆ.

ಮೈಸೂರಿನಲ್ಲಿ ನಮ್ಮ ಮನೆಯವರು ಮೂರು ತಲೆಮಾರಿನಿಂದ ಇದೇ ವ್ಯಾಪಾರದಲ್ಲಿದ್ದೇವೆ. ತಾತ ಗಾಡಿಯ ಮೇಲೆ ಸುಣ್ಣ ಹೇರಿಕೊಂಡು ಬೀದಿಬೀದಿ ಮಾರಿದವರು. ಅಪ್ಪ ಸಂತೇಪೇಟೆಯ ಹತ್ತಿರ ಒಂದು ಮಳಿಗೆ ಹಿಡಿದು ಸುಣ್ಣದ ಜೊತೆಗೆ ಪುಡಿ ಬಣ್ಣ ಮಾರಿದರು. ನಾನು ಮಾರುವುದು ಡಬ್ಬ. ಹೀಗಾಗಿ ಗೋಡೆಯ ಬಣ್ಣದ ಚರಿತ್ರೆ ಪುಸ್ತಕಕ್ಕಿಂತ ಮೊದಲು ಮನೆಯ ಮಾತಿನಿಂದಲೇ ನನಗೆ ಸಿಕ್ಕಿತು. ಪುಸ್ತಕ ಓದತೊಡಗಿದ್ದು ಆಮೇಲೆ, ಅಪ್ಪ ಹೇಳಿದ್ದಕ್ಕೆ ಕಾರಣ ಹುಡುಕಿಕೊಂಡು.

ತಾತನ ಕಾಲದ ಸುಣ್ಣ ಚೀಲದಲ್ಲಿ ಬರುವ ಪುಡಿಯಾಗಿರಲಿಲ್ಲ. ಮೈದಾನ ಸೀಮೆಯ ಹೊಲಗಳ ಮಣ್ಣಿನಲ್ಲಿ ಬೆಳ್ಳಗೆ ಗಂಟುಗಂಟಾಗಿ ಸುಣ್ಣದ ಹರಳು ಸಿಗುತ್ತದೆ. ಅದನ್ನು ಆಯ್ದು ತಂದು, ಗೂಡಿನಲ್ಲಿ ಒಂದು ಪದರ ಹರಳು, ಒಂದು ಪದರ ಇದ್ದಿಲು ಅಥವಾ ಸೌದೆ ಹಾಕಿ ಸುಡುತ್ತಿದ್ದರು. ಕಲ್ಲು 900 ಡಿಗ್ರಿಯಷ್ಟು ಕಾದರೆ ಅದರೊಳಗಿನ ಇಂಗಾಲದ ಡೈಆಕ್ಸೈಡು ಬಿಟ್ಟುಹೋಗಿ ಹಗುರವಾದ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಅನಿಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಸುಣ್ಣ ಬಳಿದ ಗೋಡೆ ಎಂದರೆ ತೆಳ್ಳಗೆ ಕಲ್ಲು ಹೊದ್ದ ಗೋಡೆ. ಕರಾವಳಿಯವರಿಗೆ ಹರಳು ಹುಡುಕುವ ಕಷ್ಟವಿರಲಿಲ್ಲ. ಅಘನಾಶಿನಿಯಂಥ ಅಳಿವೆಗಳಲ್ಲಿ ರಾಶಿರಾಶಿ ಚಿಪ್ಪು ಸಿಗುತ್ತಿತ್ತು, ಅದನ್ನೇ ಸುಟ್ಟರು. ಚಿಪ್ಪಿನ ಸುಣ್ಣ ಹೆಚ್ಚು ಬಿಳುಪು, ಹೆಚ್ಚು ನಯ. ಮೈಸೂರಿನಲ್ಲಿ ಸುಣ್ಣದಕೇರಿ ಎಂಬ ಬಡಾವಣೆ ಇವತ್ತಿಗೂ ಇದೆ. ಊರಿಗೆ ಊರೇ ಸುಣ್ಣ ಬೇಡುತ್ತಿದ್ದ ಕಾಲದ ಹೆಸರು ಅದು. ಗೋಡೆಗೂ ಅದೇ, ಗಾರೆಗೂ ಅದೇ, ವೀಳ್ಯದೆಲೆಗೂ ಅದೇ.

ಅರಳಿಸಿದ ಸುಣ್ಣವನ್ನು ಆಗಿಂದಾಗಲೇ ಬಳಿದರೆ ಕೆಟ್ಟಿತು ಎಂದು ತಾತ ಹೇಳುತ್ತಿದ್ದರಂತೆ. ಮಡಕೆಯಲ್ಲೋ ತೊಟ್ಟಿಯಲ್ಲೋ ಮೇಲೆ ನೀರು ನಿಲ್ಲುವಂತೆ ನೆನೆಹಾಕಿ ಕೆಲವು ದಿನ ಬಿಡಬೇಕು. ಆಮೇಲೆ ತೆಳುಬಟ್ಟೆಯಲ್ಲಿ ಸೋಸಬೇಕು. ಹಿಡಿದುಕೊಳ್ಳಲಿ ಎಂದು ಅಕ್ಕಿ ಗಂಜಿಯನ್ನೋ, ಬಿಸಿನೀರಲ್ಲಿ ಕರಗಿಸಿದ ಗೋಂದನ್ನೋ ಬೆರೆಸಬೇಕು. ಕಣ್ಣಿಗೆ ಬಿಳುಪು ಹೊಳೆಯಲೆಂದು ಚಿಟಿಕೆ ನೀಲಿ. ಬಳಿಯಲು ಕೇದಗೆಯ ಬಿಳಲನ್ನು ತುಂಡು ಮಾಡಿ, ಒಂದು ತುದಿಯನ್ನು ನಾರು ಬಿಡುವವರೆಗೆ ಕುಟ್ಟಿ ಮಾಡಿದ ಬ್ರಷ್ಷು. ಅದು ಸಿಗದಿದ್ದರೆ ಕತ್ತಾಳೆ ನಾರಿನದು. ಹಚ್ಚಿದ ಕ್ಷಣಕ್ಕೆ ಏನೂ ಕಾಣಿಸದು, ಗೋಡೆ ಬರೀ ಒದ್ದೆಯಾದಂತೆ ತೋರುತ್ತದೆ. ಒಣಗುತ್ತ ಬಂದ ಹಾಗೆ ಬೆಳಕು ಮೂಡಿದಂತೆ ಬಿಳುಪು ಏಳುತ್ತದೆ. ಅನುಭವವಿಲ್ಲದವರು ಬಿಳುಪು ಕಾಣುತ್ತಿಲ್ಲವೆಂದು ಮಂದವಾಗಿ ಬಳಿದುಬಿಡುತ್ತಾರೆ, ಅದು ಆಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಬಲ್ಲವರು ನೀರಿನ ಹಾಗೆ ತೆಳ್ಳಗೆ ಮೂರು ಸಲ ಬಳಿಯುತ್ತಾರೆ. ಹಸಿ ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಸುಣ್ಣ ಹೊಡೆಯುವ ಹೆಂಗಸರು ಗಂಡಸರು ಮೊಳಕೈವರೆಗೆ ಎಣ್ಣೆ ಸವರಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು. ಆ ಕೈಗಳಿಗೆ ಸಂದ ಕೂಲಿ ಯಾವ ಕಾಲದಲ್ಲೂ ಆ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ ಎಂಬುದು ನನ್ನ ಮಾತು.

ಇದನ್ನೆಲ್ಲ ವರ್ಷಕ್ಕೊಮ್ಮೆ ಮಾಡುತ್ತಿದ್ದರು ಎಂಬುದೇ ಇಡೀ ವಿಷಯದ ತಿರುಳು. ನಮ್ಮಲ್ಲಿ ಯುಗಾದಿಗೋ ದಸರೆಗೋ, ಕೆಲವು ಮನೆಗಳಲ್ಲಿ ಗೌರಿ ಹಬ್ಬಕ್ಕೋ ಸುಣ್ಣಕಾರಣೆ ಆಗಲೇಬೇಕು. ಬಿಳಿ ಗೋಡೆಯ ಬುಡದಲ್ಲಿ ಕಾವಿಯ ಪಟ್ಟೆ, ಬಾಗಿಲ ಸುತ್ತ ಕಾವಿಯ ಗೆರೆ. ಗೋಡೆಯ ಬುಡಕ್ಕೆ ಮಳೆಗಾಲದಲ್ಲಿ ಕೆಸರು ಸಿಡಿಯುತ್ತದೆ, ಅದು ಕಾಣದಿರಲು ಕೆಂಪು ಬೇಕು. ಸುಣ್ಣ ಅಗ್ಗ, ಆದರೆ ಬಾಳಿಕೆ ಕಡಿಮೆ. ವರ್ಷವರ್ಷವೂ ಮತ್ತೆ ಬಳಿಯುವವರೆಗೆ ಮಾತ್ರ ಅದು ಅಗ್ಗವೂ ಹೌದು, ಒಳ್ಳೆಯದೂ ಹೌದು. ಹಿಂದಿನವರು ‘ಕಡಿಮೆ ಬೆಲೆಯ ಒಳ್ಳೆ ಬಣ್ಣ’ವನ್ನು ಅಂಗಡಿಯಲ್ಲಿ ಹುಡುಕಲಿಲ್ಲ, ಪಂಚಾಂಗದಲ್ಲಿ ಇಟ್ಟುಕೊಂಡಿದ್ದರು. ವರ್ಷಕ್ಕೊಮ್ಮೆ ಗೋಡೆಯ ಪ್ರತಿ ಅಂಗುಲವನ್ನೂ ಯಾರೋ ಕೈಯಿಂದ ಮುಟ್ಟುತ್ತಿದ್ದರು. ಬಿರುಕು ಕಂಡರೆ ಗಾರೆ ಮೆತ್ತುತ್ತಿದ್ದರು, ಗೆದ್ದಲು ಕಂಡರೆ ಕೆದಕುತ್ತಿದ್ದರು.

ಅರಳಿದ ಸುಣ್ಣ ತೀಕ್ಷ್ಣ ಕ್ಷಾರ. ಅದರಲ್ಲಿ ರೋಗಾಣು ಬದುಕುವುದಿಲ್ಲ. ಕಲ್ಲಾಗಿ ತಿರುಗಿದ ಮೇಲೆ ಆ ಗುಣ ಹೋಗುತ್ತದೆ. ಆದ್ದರಿಂದ ಆರೋಗ್ಯದ ದೃಷ್ಟಿಯಿಂದಲೂ ಅದನ್ನು ಮತ್ತೆಮತ್ತೆ ಬಳಿಯಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಮೈಸೂರನ್ನೂ ಬಿಡಲಿಲ್ಲ. ಆ ಕಾಲದಲ್ಲಿ ಕಾಯಿಲೆ ಬಿದ್ದ ಮನೆಗಳ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುವುದು, ಗೋಡೆಗೆ ಸುಣ್ಣ ಹೊಡೆಸುವುದು ಸರ್ಕಾರಿ ಕ್ರಮಗಳಲ್ಲಿ ಸೇರಿದ್ದವು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಊರನ್ನು ಅಗಲ ಮಾಡಲು 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿತು. ಹಬ್ಬಕ್ಕಲ್ಲದೆ ಭಯಕ್ಕೆ ಸುಣ್ಣ ಮಾರಿದ ವರ್ಷಗಳೂ ಇದ್ದವು ಎಂದು ತಾತ ಹೇಳಿದ್ದನ್ನು ಅಪ್ಪ ನೆನೆಯುತ್ತಿದ್ದರು.

ಸುಣ್ಣ ಮುಚ್ಚಿಹಾಕಿದ್ದೂ ಉಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ. ಅಲ್ಲಿ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಒಂದು ಕಾಲಕ್ಕೆ ಅದರ ಮೇಲೆ ಸುಣ್ಣ ಬಳಿದಿದ್ದರು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ಹಳೆಯ ಚಿತ್ರ ನೆನಪಿದ್ದ ಇಲ್ಲಿನ ಚಿತ್ರಕಾರನೊಬ್ಬನಿಂದ ಅದನ್ನು ಮತ್ತೆ ಬರೆಸಿದರು. ಅಲ್ಲಿಗೆ ಹೋದವರಿಗೆ ಒಂದು ಮಾತು: ಕುದುರೆ ಆನೆಗಳನ್ನು ನೋಡಿದ ಮೇಲೆ ಬಣ್ಣವನ್ನೂ ನೋಡಿ.

ಬಣ್ಣ ಬೇಕೆಂದವರಿಗೆ ಮಣ್ಣೇ ಗತಿಯಾಗಿತ್ತು, ಮಣ್ಣೇ ಸೊಗಸೂ ಆಗಿತ್ತು. ಸಾಗರದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ ಹಸೆ ಚಿತ್ತಾರ ಬರೆಯುತ್ತಾರೆ; ಬ್ರಷ್ಷು ಪುಂಡಿ ನಾರಿನದು. ಉತ್ತರ ಕನ್ನಡದಿಂದ ಗೋವೆಯವರೆಗಿನ ಕಾವಿ ಕಲೆ ಇನ್ನೊಂದು ಬಗೆ. ಹಸಿ ಸುಣ್ಣದ ಗಾರೆಯ ಮೇಲೆ ಕಾವಿ ಬೆರೆಸಿದ ಪದರ ಹಚ್ಚಿ, ಅದು ಒಣಗುವ ಮೊದಲು ಚೂಪು ಮೊನೆಯಿಂದ ಕೆತ್ತಿ ಕೆಳಗಿನ ಬಿಳುಪನ್ನು ಹೊರತೆಗೆಯುವುದು. ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆಗಳಲ್ಲಿ ಅದನ್ನು ನೋಡಬಹುದು. ಮಳೆ ಹೊಯ್ಯುವ ಆ ಸೀಮೆಯಲ್ಲಿ ಇಷ್ಟು ಕಾಲ ಉಳಿದಿರುವುದಕ್ಕೆ ಕಾರಣ, ಬಣ್ಣ ಗೋಡೆಯ ಮೇಲೆ ಕೂತಿಲ್ಲ, ಗಾರೆಯ ಮೈಯೇ ಆಗಿದೆ.

ಅಪ್ಪನ ಅಂಗಡಿಯ ಮರದ ಗೂಡುಗಳಲ್ಲಿ ಕಾವಿ, ಹಳದಿ ಮಣ್ಣು, ನೀಲಿ ಪುಡಿ, ಅರಗು, ರಾಳ, ಮರವಜ್ರ ಇರುತ್ತಿದ್ದವು. ಕೆಳಗೆ ಡ್ರಮ್ಮಿನಲ್ಲಿ ಬೇಯಿಸಿದ ಅಗಸೆ ಎಣ್ಣೆ, ಟರ್ಪೆಂಟೈನು. ನೀಲಿ ಕೇಳಿದವರಿಗೆ ಅಪ್ಪ “ಯಾತಕ್ಕೆ?” ಎಂದು ಕೇಳಿಯೇ ಕೊಡುತ್ತಿದ್ದರು. ಎಲ್ಲ ನೀಲಿಯೂ ಸುಣ್ಣಕ್ಕೆ ಒಗ್ಗುವುದಿಲ್ಲ. ಬಟ್ಟೆಗೆ ಹಾಕುವ ಅಲ್ಟ್ರಾಮರೀನ್ ನೀಲಿ ಸುಣ್ಣದಲ್ಲಿ ನಿಲ್ಲುತ್ತದೆ. 1700ರ ಮೊದಲ ದಶಕದಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿಯನ್ನು ಸುಣ್ಣಕ್ಕೆ ಬೆರೆಸಿದರೆ ಕ್ಷಾರಕ್ಕೆ ಒಡೆದು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅಪ್ಪನಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಯಾವುದು ಯಾವುದರ ಜೊತೆ ಬಾಳುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು.

ಕಾರ್ಖಾನೆಯ ಬಣ್ಣ ನಮ್ಮ ದೇಶಕ್ಕೆ ಬಂದು ಬೇರೂರಿದ್ದು ಹಡಗು, ರೈಲು, ಸೇತುವೆಗಳಿಗಾಗಿ, ಮನೆಗಾಗಿ ಅಲ್ಲ. 1902ರಲ್ಲಿ ಹೌರಾದಲ್ಲಿ ಶಾಲಿಮಾರ್ ಕಾರ್ಖಾನೆ ಶುರುವಾಯಿತು. ಮೈಸೂರಿಗೆ ಅಂಥದ್ದು ಬಂದದ್ದು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ರೂಪದಲ್ಲಿ. ಕಾಡಿನಲ್ಲಿ ಸಿಗುವ ಅರಗನ್ನು ಬಳಸಿಕೊಳ್ಳುವುದು ಅದರ ಉದ್ದೇಶ. 1947ರಲ್ಲಿ ಅದು ಸರ್ಕಾರದ ಕೈಗೆ ಬಂತು, 1989ರಲ್ಲಿ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಾಯಿತು. 1962ರ ಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಯದೇ. ಅದರಿಂದಲೇ ಅದು ಹೆಸರುವಾಸಿ. ನಮ್ಮಂಥ ಅಂಗಡಿಯವರಿಗೆ ಮಾತ್ರ ಅದು ಮೊದಲು ಬಣ್ಣ ಮತ್ತು ವಾರ್ನಿಷ್ಷಿನ ಕಾರ್ಖಾನೆ. ಅರಸರು ಅರಮನೆಯ ಆಚೆಗೆ ಹೀಗೆ ಯೋಚಿಸಿದ್ದರು ಎಂಬುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಬಡವರ ಮನೆಗೆ ಡಬ್ಬದ ಬಣ್ಣ ತಲುಪಿದ ಕತೆಗೆ ಬೊಂಬಾಯಿಗೆ ಹೋಗಬೇಕು. 1942ರಲ್ಲಿ, ಯುದ್ಧದ ಕಾಲದಲ್ಲಿ ವಿದೇಶಿ ಬಣ್ಣದ ಆಮದು ನಿಂತಿದ್ದಾಗ, ಅಲ್ಲಿ ನಾಲ್ಕು ಜನ ಗೆಳೆಯರು ಒಂದು ಗ್ಯಾರೇಜಿನಲ್ಲಿ ಏಷ್ಯನ್ ಪೇಂಟ್ಸ್ ಶುರು ಮಾಡಿದರು. ದೊಡ್ಡ ಊರಿನ ದೊಡ್ಡ ಅಂಗಡಿಯವರು ಹೊಸಬರ ಮಾಲನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಆ ಗೆಳೆಯರು ಸಣ್ಣ ಊರುಗಳಿಗೆ ಸಣ್ಣ ಸಣ್ಣ ಡಬ್ಬಗಳಲ್ಲಿ ಬಣ್ಣ ಕಳಿಸಿದರು. ಮಹಾರಾಷ್ಟ್ರದಲ್ಲಿ ಪೋಳ ಹಬ್ಬಕ್ಕೆ ರೈತರು ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಾರೆ, ಅವರಿಗೆ ಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬ. ನಮ್ಮಲ್ಲಿ ಸಂಕ್ರಾಂತಿಗೆ, ಉತ್ತರದ ಜಿಲ್ಲೆಗಳಲ್ಲಿ ಕಾರ ಹುಣ್ಣಿಮೆಗೆ ಅದೇ ಬೇಡಿಕೆ. ಅಪ್ಪನ ಅಂಗಡಿಯಲ್ಲಿ ಜನವರಿ ಮೊದಲ ವಾರ ಕೆಂಪು, ಹಸಿರು, ನೀಲಿಯ ಪುಟ್ಟ ಡಬ್ಬಗಳು ಮುಂದಿನ ಸಾಲಿಗೆ ಬರುತ್ತಿದ್ದವು. ಕೊಂಬಿಗೆ ಹಚ್ಚಿ ಉಳಿದದ್ದು ಮನೆಯ ಕಿಟಕಿ ಸರಳಿಗೆ. ಹಳ್ಳಿಮನೆಗಳಲ್ಲಿ ಎಣ್ಣೆಬಣ್ಣ ಮೊದಲು ಕಾಣಿಸಿಕೊಂಡದ್ದು ಹೀಗೆ, ಎತ್ತಿನ ಹಿಂದೆಯೇ.

ಆ ಕಂಪನಿಯ ಜಾಹೀರಾತಿನ ಹುಡುಗನನ್ನು ನನ್ನ ವಯಸ್ಸಿನವರು ಮರೆತಿರಲಾರರು. ಹಣೆಯ ಮೇಲೆ ಕೂದಲು, ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ತೊಟ್ಟಿಕ್ಕುವ ಬ್ರಷ್ಷು. ಹೆಸರು ಗಟ್ಟು. 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಗೋಡೆಗೆ ಬಣ್ಣ ಹಚ್ಚುವುದು ಮನೆಯ ಮಕ್ಕಳೂ ಖುಷಿಪಡುವ ಕೆಲಸ ಎಂದು ದೇಶಕ್ಕೆ ಕಲಿಸಿದ್ದು ಆ ಒಂದು ಚಿತ್ರ. ಅದೇ ಕಂಪನಿ 2018ರಲ್ಲಿ ನಂಜನಗೂಡು ತಾಲ್ಲೂಕಿನ ಇಮ್ಮಾವಿನಲ್ಲಿ ದೊಡ್ಡ ಕಾರ್ಖಾನೆ ತೆರೆದಾಗ ಲಕ್ಷ್ಮಣ್ ಇರಲಿಲ್ಲ, ಗಟ್ಟುವೂ ಡಬ್ಬದ ಮೇಲಿಂದ ಇಳಿದುಹೋಗಿದ್ದ.

ಸುಣ್ಣಕ್ಕೂ ಇವತ್ತಿನ ಎಮಲ್ಷನ್ನಿಗೂ ನಡುವೆ ಎರಡು ಮೆಟ್ಟಿಲುಗಳಿವೆ. ಒಂದು ಡಿಸ್ಟೆಂಪರು. ಸೀಮೆಸುಣ್ಣದ ಪುಡಿ, ಬಣ್ಣ, ಅಂಟು; ಬಿಸಿನೀರಲ್ಲಿ ಕಲಸಿದರೆ ಸಿದ್ಧ. ಸುಣ್ಣದ ಹಾಗೆ ಅದು ಕಲ್ಲಾಗುವುದಿಲ್ಲ, ಅಂಟಿನ ಬಲದಿಂದ ಕೂತಿರುತ್ತದೆ ಅಷ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೇ ಬಂದುಬಿಡುತ್ತದೆ. ಆದರೂ ತಿಳಿ ಹಸಿರು, ತಿಳಿ ಗುಲಾಬಿ, ಆಕಾಶನೀಲಿ ನಡುಮನೆಗೆ ಬಂದದ್ದು ಇದರಿಂದ. ನಮ್ಮೂರಿನ ಎಷ್ಟೋ ಮನೆಗಳ ಮದುವೆ ಫೋಟೊಗಳ ಹಿಂದಿರುವ ಗೋಡೆ ಡಿಸ್ಟೆಂಪರಿನದು. ಆಮೇಲೆ ಎಣ್ಣೆ ಬೆರೆತ, ಸ್ವಲ್ಪ ತೊಳೆಯಬಹುದಾದ ಡಿಸ್ಟೆಂಪರು ಬಂತು. ಇನ್ನೊಂದು ಮೆಟ್ಟಿಲು ಹೊರಗೋಡೆಗೆ ಸಿಮೆಂಟಿನ ಬಣ್ಣ. ಸ್ನೋಸೆಮ್ ಎಂಬುದು ಒಂದು ಕಂಪನಿಯ ಹೆಸರು, ಆದರೆ ಜನ ಯಾವ ಸಿಮೆಂಟ್ ಬಣ್ಣವನ್ನಾದರೂ ಹಾಗೇ ಕರೆದರು. ಬಳಿದ ಮೇಲೆ ಅದಕ್ಕೆ ನೀರು ಹಾಕಿ ಕ್ಯೂರಿಂಗ್ ಮಾಡಬೇಕು. ನೀರಿಲ್ಲದ ಬೇಸಿಗೆಯಲ್ಲಿ ಹಾಗೇ ಬಿಟ್ಟ ಗೋಡೆಗಳಲ್ಲಿ ಕೈಯಿಟ್ಟರೆ ಪುಡಿ ಬರುತ್ತಿತ್ತು.

ಎಮಲ್ಷನ್ ಬಂದ ಮೇಲೆ ವರ್ಷಕ್ಕೊಮ್ಮೆ ಎಂಬ ಮಾತೇ ನಿಂತಿತು. ಪ್ಲಾಸ್ಟಿಕ್ಕಿನ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಂತೆ ಒಂದಕ್ಕೊಂದು ಬೆಸೆದು ತೆಳ್ಳನೆಯ ಪೊರೆಯಾಗುತ್ತವೆ. ಬಿಳುಪು ಬರುವುದು ಟೈಟಾನಿಯಂ ಡೈಆಕ್ಸೈಡಿನಿಂದ. ಅದರ ಅದಿರು ನಮ್ಮ ಪಕ್ಕದ ಕೇರಳದ ಕಡಲ ಮರಳಿನಲ್ಲೇ ಇದೆ, 1946ರಲ್ಲಿ ತಿರುವಾಂಕೂರಿನಲ್ಲಿ ಅದಕ್ಕೊಂದು ಕಂಪನಿ ಹುಟ್ಟಿತು. ಹಿಂದೆ ಎಣ್ಣೆಬಣ್ಣದ ಬಿಳುಪಿಗೆ ಬಳಸುತ್ತಿದ್ದ ಸೀಸದ ಬಿಳಿ ವಿಷ, ಟೈಟಾನಿಯಂ ವಿಷವಲ್ಲ. ಮುಚ್ಚುವ ಶಕ್ತಿಯೂ ಹೆಚ್ಚು. ಬೆಲೆಯೂ ಹೆಚ್ಚು. ಹಾಗಾಗಿ ಅಗ್ಗದ ಎಮಲ್ಷನ್ನಿನಲ್ಲಿ ಅದನ್ನು ಕಡಿಮೆ ಮಾಡಿ ಸೀಮೆಸುಣ್ಣ, ಜೇಡಿಯಂಥ ಪುಡಿಗಳನ್ನು ಹೆಚ್ಚು ಮಾಡುತ್ತಾರೆ, ಅಂಟಿಸುವ ರಾಳವನ್ನೂ ಇಳಿಸುತ್ತಾರೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಪ್ಪು ಗೆರೆ ಎಳೆದ ಒಂದು ಹಲಗೆಗೆ ಎರಡು ಡಬ್ಬದ ಬಿಳಿಯನ್ನು ಅಕ್ಕಪಕ್ಕ, ಎರಡೆರಡು ಕೋಟು ಹಚ್ಚಿ. ಚೆನ್ನಾಗಿ ಒಣಗಿದ ಮೇಲೆ ಎರಡೂ ಬೆಳ್ಳಗೇ ಕಾಣುತ್ತವೆ. ಈಗ ಎರಡರ ಮೇಲೂ ನೀರು ಸವರಿ. ಪುಡಿ ಹೆಚ್ಚಿರುವ ಬಣ್ಣದಲ್ಲಿ ಕೆಳಗಿನ ಕಪ್ಪು ಗೆರೆ ಇಣುಕುತ್ತದೆ. ಸೀಮೆಸುಣ್ಣದ ಕಣಗಳ ನಡುವಿನ ಗಾಳಿಯೇ ಅದರ ಬಿಳುಪಿಗೆ ಕಾರಣ. ಗಾಳಿಯ ಜಾಗಕ್ಕೆ ನೀರು ಬಂದರೆ ಬಿಳುಪು ಮಾಯ. ಒದ್ದೆ ಸುಣ್ಣ ಕಾಣದಿರುವುದೂ ಅದೇ ಕಾರಣಕ್ಕೆ. ಆಮೇಲೆ ಒದ್ದೆ ಬಟ್ಟೆಯಿಂದ ಇಪ್ಪತ್ತು ಮೂವತ್ತು ಸಲ ತಿಕ್ಕಿ ನೋಡಿ. ಬಟ್ಟೆಗೆ ಬಂದರೆ ರಾಳ ಕಡಿಮೆ. ಬಾಡಿಗೆ ಮನೆಯ ಅಟ್ಟಕ್ಕೆ ಆ ಬಣ್ಣ ಸಾಕು, ಮಕ್ಕಳಿರುವ ಮನೆಯ ನಡುಮನೆಗೆ ಸಾಲದು. ಲೀಟರಿನ ಬೆಲೆ ನೋಡಬೇಡಿ, ಮುಚ್ಚುವ ಚದರಡಿಯ ಬೆಲೆ ನೋಡಿ. ಒಂದು ಬಣ್ಣ ಎರಡು ಕೋಟಿಗೆ ಮುಗಿದು, ಇನ್ನೊಂದು ಮೂರು ಕೋಟು ಬೇಡಿದರೆ, ಮೂರನೆಯ ಕೋಟಿನ ಕೂಲಿಯೂ ಆ ಅಗ್ಗದ ಡಬ್ಬದ ಲೆಕ್ಕಕ್ಕೇ ಸೇರುತ್ತದೆ. ಈಗ ಮೈಸೂರಿನಲ್ಲಿ ಕೂಲಿ ಬಣ್ಣಕ್ಕಿಂತ ದುಬಾರಿ.

ಪೇಂಟರುಗಳ ಮಾತನ್ನೂ ಇಲ್ಲಿ ಹೇಳಬೇಕು. ಬಕೆಟ್ಟಿನೊಳಗೆ ಟೋಕನ್ ಇಡುವ ಪದ್ಧತಿ ನಮ್ಮ ವ್ಯಾಪಾರದಲ್ಲಿದೆ. ಡಬ್ಬ ತೆರೆದ ಪೇಂಟರಿಗೆ ಅದರಿಂದ ದುಡ್ಡೋ ಪಾಯಿಂಟೋ ಸಿಗುತ್ತದೆ. ಆದ್ದರಿಂದ ಅವರು ಹೇಳಿದ ಬ್ರ್ಯಾಂಡೇ ನಿಮ್ಮ ಗೋಡೆಗೆ ಸರಿ ಎಂದೇನಿಲ್ಲ. ಹಾಗೆಂದು ಅವರನ್ನು ಜರೆಯುವುದು ಅನ್ಯಾಯ. ಮೂರನೇ ಅಂತಸ್ತಿಗೆ ಹಗ್ಗದ ಮೇಲೆ ತೂಗಾಡಿ ಬಣ್ಣ ಬಳಿಯುವವರಿಗೆ ವಿಮೆಯಿಲ್ಲ, ಮಳೆಗಾಲದಲ್ಲಿ ಕೆಲಸವಿಲ್ಲ. ಆ ಟೋಕನ್ನು ಅವರ ಸಂಬಳದ ಒಂದು ಪಾಲು. ಬ್ರ್ಯಾಂಡನ್ನು ನೀವು ಆರಿಸಿ, ಟೋಕನ್ನು ಅವರಿಗೇ ಬಿಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಗೋಡೆ ಎಷ್ಟು ಉಜ್ಜಿದ್ದಾರೆ ಎಂಬುದರ ಮೇಲೆ ಕಣ್ಣಿಡಿ, ಬಾಳಿಕೆಯ ಬಹುಪಾಲು ಅಲ್ಲೇ ಇದೆ.

ಹಳೆ ಬಾಗಿಲು ಕಿಟಕಿಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಧಾರಾಳವಾಗಿತ್ತು: ಬಿಳಿಯಲ್ಲಿ, ಎದ್ದು ಕಾಣುವ ಹಳದಿಯಲ್ಲಿ, ಕಬ್ಬಿಣಕ್ಕೆ ಬಳಿಯುವ ಕೆಂಪು ಪ್ರೈಮರಿನಲ್ಲಿ. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಪರೀಕ್ಷಿಸಿದ ಸಣ್ಣ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿಯ ರಕ್ತದಲ್ಲಿ ಸೀಸ ಮಿತಿ ಮೀರಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು, ಎಲ್ಲ ತಪ್ಪನ್ನೂ ಬಣ್ಣದ ಮೇಲೆ ಹೊರಿಸಲಾಗದು. ಆದರೆ ಬಣ್ಣದ ಪಾಲನ್ನು ಅಲ್ಲಗಳೆಯಲೂ ಆಗದು. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಅವರಂಥವರು ವರ್ಷಗಟ್ಟಲೆ ಇದನ್ನೇ ಹೇಳುತ್ತ ಬಂದರು. ಕೊನೆಗೆ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಹೊಸ ಡಬ್ಬದ ಮೇಲೆ ಆ ಮಾತು ಅಚ್ಚಾಗಿರುತ್ತದೆ, ಓದಿ ಕೊಳ್ಳಿ. ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಎನಾಮಲ್ ತರಬೇಡಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಪುಡಿಯನ್ನು ಒರೆಸಿ ತೆಗೆಯಿರಿ, ಅಲ್ಲಿಯವರೆಗೆ ಮಕ್ಕಳನ್ನೂ ಬಸುರಿಯರನ್ನೂ ಬೇರೆ ಮನೆಯಲ್ಲಿಡಿ.

ಸಿಮೆಂಟು ಗೋಡೆಗೆ ಎಮಲ್ಷನ್ ಹೊಂದುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ತೊಂದರೆ ಬರುವುದು ಗಾರೆ ಗೋಡೆಗಳಲ್ಲಿ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿಯ ನೀರು ಹಾಕಿ ಅರೆದ ಗಾರೆಯ ಗೋಡೆ ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಪದರ ಅದಕ್ಕೆ ಅಡ್ಡಿಯಲ್ಲ. ಪ್ಲಾಸ್ಟಿಕ್ಕಿನ ಪೊರೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಬುಡದಿಂದ ಮೊಳದೆತ್ತರಕ್ಕೆ ಗೋಡೆ ಉಪ್ಪು ಉಗುಳುತ್ತದೆ, ಬಣ್ಣ ಬೊಬ್ಬೆಯೆದ್ದು ಚಕ್ಕೆಯಾಗಿ ಬೀಳುತ್ತದೆ. ಮನೆಯವರು ಬಣ್ಣ ಸರಿಯಿಲ್ಲವೆಂದು ಮುಂದಿನ ಸಲ ಇನ್ನೂ ದುಬಾರಿಯ, ಇನ್ನೂ ಬಿಗಿಯಾದ ಪೊರೆ ತರುತ್ತಾರೆ. ರೋಗ ಹೆಚ್ಚುತ್ತದೆ. ಹೊಸ ಬಣ್ಣಗಳೆಲ್ಲ ನಮಗೆ ಮಾರಿದ್ದು ವರ್ಷದ ದುಡಿಮೆಯಿಂದ ಬಿಡುಗಡೆ. ಆ ಬಿಡುಗಡೆ ಹೆಂಗಸರಿಗಂತೂ ದೊಡ್ಡದೇ. ಹಬ್ಬದ ಮುಂಚೆ ಇಡೀ ಮನೆ ಖಾಲಿ ಮಾಡಿ, ಸುಣ್ಣದ ಕಲೆ ತಿಕ್ಕಿದವರು ಅವರೇ. ಆದರೆ ಗೋಡೆಯನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡುವ ಕಣ್ಣು ಅದರ ಜೊತೆಗೇ ಹೋಯಿತು.

ಹಿಂದಿನ ಬೇಸಿಗೆಯಲ್ಲಿ ಅಗ್ರಹಾರದ ಒಂದು ಹಳೆ ಮನೆಯ ಕೆಲಸಕ್ಕೆ ನನ್ನನ್ನು ಕರೆದಿದ್ದರು. ನಿವೃತ್ತ ಮೇಷ್ಟ್ರು ಮತ್ತು ಅವರ ಮಗಳು. ಬಜೆಟ್ಟು ಬಿಗಿ. ಹಿಂದಿನ ಕೋಣೆಯ ಗೋಡೆ ಕೆರೆದಾಗ ಮೇಲಿನ ಎಮಲ್ಷನ್ನು ಹಾಳೆಹಾಳೆಯಾಗಿ ಬಂತು. ಕೆಳಗೆ ಹಸಿರು ಡಿಸ್ಟೆಂಪರು, ಅದರ ಕೆಳಗೆ ನೀಲಿ ಸುಣ್ಣ, ಆಮೇಲೆ ಎಣಿಸಲಾಗದಷ್ಟು ಬಿಳಿ ಸುಣ್ಣದ ಪದರಗಳು, ತೀರ ಒಳಗೆ ಗಾರೆ. ಎಮಲ್ಷನ್ ನಿಲ್ಲದ್ದಕ್ಕೆ ಕಾರಣ ಆ ಡಿಸ್ಟೆಂಪರು. ಪುಡಿಯ ಮೇಲೆ ಯಾವ ಪೊರೆಯೂ ಹಿಡಿಯುವುದಿಲ್ಲ, ಲೀಟರಿಗೆ ಎಷ್ಟೇ ಕೊಟ್ಟರೂ. “ಎಲ್ಲಾ ಕಡೆ ಒಂದೇ ಬಣ್ಣ ಬೇಡ ಮೇಷ್ಟ್ರೇ” ಎಂದೆ. ಅವರು ಒಪ್ಪಿದರು. ಮುಂದಿನ ನಡುಮನೆಗೆ ಎಂದೋ ಸಿಮೆಂಟ್ ಪ್ಲಾಸ್ಟರ್ ಆಗಿತ್ತು. ಅಲ್ಲಿ ಪುಟ್ಟಿಯನ್ನು ಬೇಕಾದಲ್ಲಿ ಮಾತ್ರ ಹಾಕಿ, ಪ್ರೈಮರ್ ಒಂದು ಕೋಟು, ಮಧ್ಯಮ ದರ್ಜೆಯ ಎಮಲ್ಷನ್ ಎರಡು ಕೋಟು. ತಿಳಿ ಬಣ್ಣ, ಏಕೆಂದರೆ ಗಾಢ ಬಣ್ಣಕ್ಕೆ ಬೆಲೆಯೂ ಹೆಚ್ಚು, ಮುಂದೊಮ್ಮೆ ಅದನ್ನು ಮುಚ್ಚಲು ಖರ್ಚೂ ಹೆಚ್ಚು. ಬಾಗಿಲುಗಳನ್ನು ನೀರು ಹಾಕಿ ಉಜ್ಜಿಸಿ ಎನಾಮಲ್. ಹಿಂದಿನ ಎರಡು ಕೋಣೆ, ಅಡುಗೆಮನೆಯ ಹೊರಗೋಡೆ, ಹಿತ್ತಲ ಗೋಡೆ ಎಲ್ಲಕ್ಕೂ ಹಳೆ ಪದರವನ್ನು ಗಾರೆಯವರೆಗೆ ಕೆರೆಸಿ, ಸುಣ್ಣ. ಬಿರುಕಿಗೆ ಸಿಮೆಂಟು ಮೆತ್ತಲು ಬಿಡಲಿಲ್ಲ, ಸುಣ್ಣ ಮರಳಿನ ಗಾರೆಯನ್ನೇ ಕಲಸಿಸಿದೆ. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿದ್ದಾಯಿತು. ಸುಣ್ಣ ಹೊಡೆಯಲು ಬಲ್ಲವರು ಸಿಗುವುದು ಸುಣ್ಣ ಸಿಗುವುದಕ್ಕಿಂತ ಕಷ್ಟವಾಯಿತು. ಕೊನೆಗೆ ನಂಜನಗೂಡಿನ ಕಡೆಯ ಒಬ್ಬ ಹಿರಿಯರು ಬಂದು ಇಬ್ಬರು ಹುಡುಗರಿಗೆ ಹೇಳಿಕೊಟ್ಟು ಮಾಡಿಸಿದರು. ಗೋಡೆಯನ್ನು ಮೊದಲು ನೀರಿನಿಂದ ನೆನೆಸಿ, ಬಿಸಿಲು ಏರುವ ಮೊದಲು, ತೆಳ್ಳಗೆ ಮೂರು ಕೋಟು.

ಆ ಕೋಣೆಗಳ ಬಣ್ಣದ ಖರ್ಚು ನಡುಮನೆಯ ಖರ್ಚಿಗಿಂತ ತೀರ ಕಡಿಮೆ ಬಂತು. ಕೆರೆಯುವ ಕೂಲಿ ಮಾತ್ರ ಹೆಚ್ಚಾಯಿತು, ಆದರೆ ಅದು ಒಂದೇ ಸಲದ್ದು. ಮಗಳು ಕೇಳಿದ್ದು ಮುಂದಿನ ವರ್ಷದ ಬಗ್ಗೆ: “ಮತ್ತೆ ಇಷ್ಟೆಲ್ಲಾ ಮಾಡ್ಬೇಕಾ ಅಂಕಲ್?” ಬೇಡ. ಉಳಿದ ಸುಣ್ಣವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಇಡಲು ಹೇಳಿದ್ದೇನೆ. ಗಾಳಿ ತಾಕದಿದ್ದರೆ ಅದು ಕೆಡುವುದಿಲ್ಲ, ಇಟ್ಟಷ್ಟೂ ಬೆಣ್ಣೆಯಾಗುತ್ತದೆ. ಯುಗಾದಿಗೆ ಹದಿನೈದು ದಿನ ಮುಂಚೆ ಗೋಡೆ ಗುಡಿಸಿ, ನೆನೆಸಿ, ಒಂದೇ ಕೋಟು. ಬ್ರಷ್ಷು ನಾನು ಕಳಿಸುತ್ತೇನೆ.